ಪ್ರೇಮಲತಾ ಯಾರು?

ಬೆಳಿಗ್ಗೆ ಏಳು ಗಂಟೆಗೆ ಸಂಗಮೇಶನಿಗೆ ಬಾಯಾರಿಕೆಯಾಯಿತು. ಆಗಿದ್ದು ಇಷ್ಟೇ. ಮಂಚದ ಮೇಲೆ ಮಲಗಿದ್ದಲ್ಲಿಂದಲೇ ಅಡುಗೆಮನೆಯ ಕಡೆ ಮುಖ ತಿರುಗಿಸಿ, "ಪ್ರೇಮಲತಾ, ಒಂದು ಲೋಟ ನೀರು ಕೊಡು" ಎಂದ.

ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಸದ್ದು ನಿಂತಿತು. ಅಲ್ಲಿದ್ದವಳು ಅವನ ಹೆಂಡತಿ. ಅವಳ ಹೆಸರು ಶೈಲಜಾ.

ನಲವತ್ತು ದಿನಗಳ ಹಿಂದಿನ ಒಂದು ಭಾನುವಾರ ಸಂಗಮೇಶ ಮೊಳಕಾಲ್ಮುರಿನಾಚೆ ಜಟಿಂಗ ರಾಮೇಶ್ವರದ ಬೆಟ್ಟಸಾಲಿನಲ್ಲಿ ಬೈಕ್ ಹತ್ತಿಸಲು ಹೋಗಿದ್ದ. ದಾರಿ ಇರುವ ಕಡೆಯಲ್ಲ, ಇಲ್ಲದ ಕಡೆ. ಚಳ್ಳಕೆರೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟುಕೊಂಡವನಿಗೆ ವಾರಕ್ಕೊಮ್ಮೆ ಕಲ್ಲುಬಂಡೆಗಳ ಮೇಲೆ ಬೈಕ್ ಓಡಿಸುವ ಹುಚ್ಚು. ಜೊತೆಗೆ ಬೀಜದ ಅಂಗಡಿಯ ಬಾಲರಾಜ್ ಇದ್ದ. ಒಂದು ಇಳಿಜಾರಿನಲ್ಲಿ ಮುಂದಿನ ಚಕ್ರ ಸಿಕ್ಕಿಕೊಂಡಿತು, ಬೈಕ್ ಅಲ್ಲೇ ನಿಂತಿತು, ಸಂಗಮೇಶ ಮಾತ್ರ ಮುಂದುವರಿದ. ಹೆಲ್ಮೆಟ್ಟು ಒಣಗಿದ ತೆಂಗಿನಚಿಪ್ಪಿನ ಹಾಗೆ ಎರಡು ಹೋಳಾಯಿತು. ದಾವಣಗೆರೆಯಲ್ಲಿ ತಲೆಬುರುಡೆ ತೆರೆದು, ರಕ್ತ ಹೊರಹಾಕಿ, ಮತ್ತೆ ಮುಚ್ಚಿದರು. ಈಗ ಅರ್ಧ ತಲೆಯಲ್ಲಿ ಕೂದಲಿಲ್ಲ. ಕಿವಿಯಿಂದ ನೆತ್ತಿಯವರೆಗೆ ಗೋಣಿಚೀಲದ ಬಾಯಿ ಹೊಲಿದಂತೆ ಹೊಲಿಗೆಯ ಗುರುತು.

ಬಿದ್ದಿದ್ದು ಅವನಿಗೆ ನೆನಪಿಲ್ಲ. ಅದರ ನಂತರದ ಎಂಟು ದಿನವೂ ಇಲ್ಲ. ಹಳೆಯದೆಲ್ಲ ಗಟ್ಟಿಯಾಗಿತ್ತು, ಆದರೆ ಮಾತು ಆಗಾಗ ಅಡ್ಡದಾರಿ ಹಿಡಿಯುತ್ತಿತ್ತು. ಚಮಚ ಬೇಕೆಂದು "ಸ್ಟಾರ್ಟರ್ ಕೊಡು" ಎನ್ನುತ್ತಿದ್ದ. ಒಂದು ಸಲ ಅವ್ವನನ್ನು "ಸಾರ್" ಎಂದು ಕರೆದಿದ್ದ. ಅದಕ್ಕೆಲ್ಲ ಶೈಲಜಾ ನಗುತ್ತಿದ್ದಳು. ನಲವತ್ತು ದಿನ ಅವನಿಗೆ ಉಣ್ಣಿಸಿ, ಮೈ ತೊಳೆದು, ಬಚ್ಚಲಿಗೆ ಹೆಗಲು ಕೊಟ್ಟು ಕರೆದುಕೊಂಡು ಹೋದವಳು ಅವಳೇ.

ಇವತ್ತು ನಗಲಿಲ್ಲ. ನೀರಿನ ಲೋಟ ತಂದು ಕೈಗೆ ಕೊಡದೆ ಕಿಟಕಿಯ ಮೇಲಿಟ್ಟಳು.

"ಯಾರ್ರೀ ಪ್ರೇಮಲತಾ?"

"ಯಾವ ಪ್ರೇಮಲತಾ?"

"ಈಗ ನೀವು ಕರೆದ್ರಲ್ಲ, ಅವಳು."

ಸಂಗಮೇಶ ಯೋಚಿಸಿದ. ಗುರುತಿನ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ನೆನಪಿಗೆ ತಂದುಕೊಂಡ. ಅವರಲ್ಲಿ ಪ್ರೇಮಲತಾ ಇರಲಿಲ್ಲ. "ನನಗೆ ಗೊತ್ತಿಲ್ಲ ಕಣೇ, ಪ್ರೇಮಲತಾ" ಎಂದ.

ಶೈಲಜಾಳ ಕಣ್ಣು ತುಂಬಿತು. ಪಕ್ಕದ ಮನೆಯ ಮುದ್ದಕ್ಕ ಹಾಲು ಕೇಳಲು ಬಂದು ಬಾಗಿಲಲ್ಲಿ ನಿಂತಿದ್ದಳು. ಹಾಲು ಮರೆತು ಒಳಗೆ ಬಂದು ಕುರ್ಚಿ ಎಳೆದುಕೊಂಡಳು.

ಎಂಟು ಗಂಟೆಯ ಹೊತ್ತಿಗೆ ಬೀದಿಗೆಲ್ಲ ಗೊತ್ತಾಗಿತ್ತು. ಎಂಟೂವರೆಗೆ ನಿವೃತ್ತ ಹೆಡ್‌ಮಾಸ್ಟರು ಮರುಳಪ್ಪನವರು ಕನ್ನಡಕ ಒರೆಸಿಕೊಳ್ಳುತ್ತ ಬಂದರು. ಮೂವತ್ತು ವರ್ಷ ಹುಡುಗರ ಕಿವಿ ಹಿಂಡಿ ನಿಜ ಹೊರಡಿಸಿದ ಕೈ ಅದು. "ಇದು ಹೆಂಗಸರು ವಿಚಾರಿಸೋ ವಿಷಯ ಅಲ್ಲ. ಫೋನ್ ತರ್ರಿ" ಎಂದರು.

ಸಂಗಮೇಶನ ಫೋನಿನಲ್ಲಿ ಪ್ರೇಮಲತಾ ಇರಲಿಲ್ಲ. 'ಪ್ರೇಮ್ ಬೋರ್‌ವೆಲ್' ಎಂದು ಒಂದಿತ್ತು. ಮರುಳಪ್ಪನವರು ಎಲ್ಲರ ಕಡೆ ಅರ್ಥಗರ್ಭಿತವಾಗಿ ನೋಡಿ, ಸ್ಪೀಕರ್ ಹಾಕಿ ಕರೆ ಮಾಡಿದರು.

"ಪ್ರೇಮ... ಏನಮ್ಮಾ, ಆರಾಮಿದೀಯಾ?" ಎಂದರು ನಯವಾಗಿ.

ಆ ಕಡೆಯಿಂದ ಕೊರೆಯುವ ಯಂತ್ರದ ಸದ್ದಿನ ನಡುವೆ ಒಂದು ಗಡಸು ದನಿ, "ಯಾವನಲೇ ನೀನು, ಬೆಳ್‌ಬೆಳಿಗ್ಗೆ ಅಮ್ಮ ಅಂತೀಯಾ?" ಎಂದು ಶುರು ಮಾಡಿ ಇನ್ನೂ ಕೆಲವು ಮಾತು ಸೇರಿಸಿತು. ಮರುಳಪ್ಪನವರು ಫೋನ್ ಕೆಳಗಿಟ್ಟರು.

ಅವಮಾನ ಅವರನ್ನು ಇನ್ನಷ್ಟು ಗಂಭೀರರನ್ನಾಗಿ ಮಾಡಿತು. ಮಂಚದ ಹತ್ತಿರ ಬಂದು ಕೂತರು. "ನೋಡಪ್ಪ ಸಂಗಮೇಶ, ಭಯ ಪಡಬ್ಯಾಡ. ಕಣ್ಣು ಮುಚ್ಕೋ. ಪ್ರೇಮಲತಾ ಅಂದ ತಕ್ಷಣ ನಿನಗೆ ಏನ್ ಕಾಣ್ತೈತೆ, ಅದನ್ನ ಹೇಳು."

ಸಂಗಮೇಶ ಪ್ರಾಮಾಣಿಕವಾಗಿ ಕಣ್ಣು ಮುಚ್ಚಿದ. ಕತ್ತಲೆಯ ಒಳಗೆ ಎಲ್ಲೋ ಏನೋ ಅಲುಗಾಡಿತು.

"ಬಿಸಿಲು" ಎಂದ. "ಎಲೆಅಡಿಕೆ ವಾಸನೆ. ಯಾರದೋ... ಯಾರದೋ ತೊಡೆ ಮೇಲೆ ತಲೆ ಇಟ್ಕೊಂಡು ಮಲಗಿದೀನಿ. ಅವಳು ನನ್ನ ಕೆನ್ನೆ ಸವರ್ತಾ ಅವಳೆ."

ಸಂಗಮೇಶ ಕಣ್ಣು ತೆರೆದಾಗ ಶೈಲಜಾ ಅಲ್ಲಿರಲಿಲ್ಲ. ಮುದ್ದಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಇನ್ನೂ ಏನಾದ್ರೂ ಕಾಣ್ತೈತಾ?" ಎಂದು ಮರುಳಪ್ಪನವರು ಮುಂದಕ್ಕೆ ಬಗ್ಗಿದರು.

ಬಾಲರಾಜನಿಗೆ ಫೋನ್ ಹೋಯಿತು. ಬಾಲರಾಜ್ ಒಳ್ಳೆಯ ಗೆಳೆಯ. ಗೆಳೆಯನ ಮನೆಯಲ್ಲಿ ಹೆಂಗಸಿನ ಹೆಸರಿನ ವಿಚಾರಣೆ ನಡೆಯುತ್ತಿದೆ ಎಂದು ತಿಳಿದ ಕೂಡಲೇ, ಏನೂ ಗೊತ್ತಿಲ್ಲದಿದ್ದರೂ ಕಾಪಾಡಲು ನಿಂತ. "ಪ್ರೇಮಲತಾನಾ? ಅಯ್ಯೋ ಅಂಥದ್ದೇನೂ ಇಲ್ಲಮ್ಮ. ಅದೆಲ್ಲ ಯಾವತ್ತೋ ಮುಗಿದಿದ್ದು" ಎಂದುಬಿಟ್ಟ. ಆಮೇಲೆ ಎಷ್ಟು ಸಲ ಕರೆದರೂ ಫೋನ್ ಎತ್ತಲಿಲ್ಲ.

ಮುದ್ದಕ್ಕ ನಿಟ್ಟುಸಿರು ಬಿಟ್ಟಳು. "ನಾನು ಹೇಳ್ಬಾರ್ದು, ಆದ್ರೂ ಹೇಳ್ತೀನಿ. ಮದುವೆ ಆಗಿ ಏಳು ವರ್ಷ. ಶೈಲಜನ ಮಡಿಲು ತುಂಬಲಿಲ್ಲ. ಗಂಡಸು ಎಷ್ಟು ದಿನ ಅಂತ ಕಾಯ್ತಾನೆ?"

ಸಂಗಮೇಶ ತಲೆನೋವು ಎಂದು ಗೋಡೆಯ ಕಡೆ ಹೊರಳಿದ.

ಅವನ ತಾಯಿ ಅನ್ನಪೂರ್ಣಮ್ಮ ಅಲ್ಲಿಯವರೆಗೆ ಬಾಗಿಲಿಗೆ ಒರಗಿ ಸುಮ್ಮನೆ ನಿಂತಿದ್ದಳು. ಸೊಸೆಯ ಬರಿದಾದ ಮಡಿಲಿನ ಬಗ್ಗೆ ಅವಳು ಆಡದ ಮಾತಿರಲಿಲ್ಲ. ಬೀಗರ ಮನೆಗೆ ಹೋದಾಗ ಉಣ್ಣುವ ಎಲೆಯ ಮುಂದೆ ಕೂತೂ ಆಡಿದ್ದಳು. ಈಗ ಅವಳ ಮುಖದಲ್ಲಿ ದುಃಖದ ಕೆಳಗೆ ಇನ್ನೇನೋ ಒಂದು ಮೆಲ್ಲಗೆ ಬೆಳಗತೊಡಗಿತು. ಮಗನ ಹತ್ತಿರ ಬಂದು ಬಗ್ಗಿ ಪಿಸುಗುಟ್ಟಿದಳು:

"ಅವಳ್ಯಾರಾದ್ರೂ ಇರ್ಲಿ ಬಿಡಪ್ಪ. ಮಗು ಏನಾದ್ರೂ ಐತಾ?"

ಅಡುಗೆಮನೆಯ ಬಾಗಿಲಲ್ಲಿದ್ದ ಶೈಲಜಾಳಿಗೆ ಅದು ಕೇಳಿಸಿತು. ಅವಳು ಹಿತ್ತಲಿಗೆ ಹೋಗಿ ಮೊಳಕಾಲ್ಮುರಿಗೆ, ಅಣ್ಣನಿಗೆ ಫೋನ್ ಮಾಡಿದಳು.

ಅವಳ ಅಣ್ಣ ಮಹಾಂತೇಶ್ ರೇಷ್ಮೆ ಸೀರೆ ಅಂಗಡಿಯವನು. ಗಿರಾಕಿಗಳ ಮುಂದೆ ಬೆಣ್ಣೆ, ಮನೆಯವರ ವಿಷಯಕ್ಕೆ ಬೆಂಕಿ. ಅವನ ತಲೆಯಲ್ಲಿ ಲೆಕ್ಕ ಕೂಡಲೇ ಕೂಡಿತು. ಭಾವ ಪ್ರತಿ ಭಾನುವಾರ ಚಳ್ಳಕೆರೆ ಬಿಟ್ಟು ಇಷ್ಟು ದೂರದ ಬೆಟ್ಟಕ್ಕೇ ಏಕೆ ಬರುತ್ತಿದ್ದ? ಬಂಡೆ ಹತ್ತಲಿಕ್ಕಾ? ಅಂಗಡಿಗೆ ಬೀಗ ಹಾಕಿ, ಕಾರು ತೆಗೆದು, ಬೆಟ್ಟದ ಬುಡದ ಹಳ್ಳಿಗಳಲ್ಲಿ ಪ್ರೇಮಲತಾ ಎಂಬ ಹೆಂಗಸನ್ನು ಹುಡುಕಿಕೊಂಡು ಹೊರಟ.

ಮಧ್ಯಾಹ್ನ ಒಂದು ಗಂಟೆಗೆ ತಂಗಿಗೆ ಅವನ ಫೋನ್ ಬಂತು. "ಸಿಕ್ಕಳು. ಸಂಗಮೇಶ ಗೊತ್ತಾ ಅಂದ್ರೆ, ಗೊತ್ತು ಅಂತಾಳೆ. ನನ್ನ ತೊಡೆ ಮೇಲೇ ಮಲಗಿದ್ದ ಅಂತಾಳೆ! ನಾಚಿಕೆ ಅನ್ನೋದೇ ಇಲ್ಲ. ಮುಂದಕ್ಕೆ ಒಂದು ಮಾತೂ ಕೇಳಲಿಲ್ಲ ನಾನು. ಏನಿದ್ರೂ ಎಲ್ಲರ ಮುಂದೆ ಹೇಳು ಅಂತ ಕಾರು ಹತ್ತಿಸ್ದೆ. ಬರ್ತಾ ಇದೀವಿ."

ಆ ಸುದ್ದಿ ತಿಳಿದ ಮೇಲೆ ಬೀದಿಯಲ್ಲಿ ಯಾರೂ ಮಧ್ಯಾಹ್ನ ಮಲಗಲಿಲ್ಲ. ಸಂಗಮೇಶನ ಅಂಗಳದಲ್ಲಿ ಕುರ್ಚಿ ಸಾಲದೆ ಮುದ್ದಕ್ಕ ತನ್ನ ಮನೆಯಿಂದ ಚಾಪೆ ತಂದು ಹಾಸಿದಳು. ಮಂಚದ ಮೇಲೆ ಸಂಗಮೇಶ ಬೆವರುತ್ತಿದ್ದ. ತಾನು ಕಾಣದ ಒಂದು ಹೆಣ್ಣು ತನ್ನ ಬದುಕಿನೊಳಗೆ ಎಲ್ಲಿ, ಯಾವಾಗ ಬಂದಳು? ಪೆಟ್ಟು ಬಿದ್ದ ತಲೆ ಏನೇನು ಅಳಿಸಿಹಾಕಿದೆಯೋ! ನಿಜವಾಗಿಯೂ ಒಂದು ಸಂಸಾರವೇ ಇದ್ದು, ಅದನ್ನು ಮರೆತಿದ್ದೇನೆಯೇ ಎಂದು ಒಂದು ಗಳಿಗೆ ಅವನಿಗೇ ಅನುಮಾನ ಬಂತು.

ಎರಡೂವರೆಗೆ ಕಾರು ನಿಂತಿತು. ಮಹಾಂತೇಶ್ ಇಳಿದು ಹಿಂದಿನ ಬಾಗಿಲು ತೆರೆದ.

ಇಳಿದವಳಿಗೆ ಐವತ್ತೈದು ದಾಟಿತ್ತು. ಶೇಂಗಾ ಹೊಲದ ಕೆಂಪುಮಣ್ಣು ಇನ್ನೂ ಪಾದದಲ್ಲಿತ್ತು, ಬಾಯಲ್ಲಿ ಎಲೆಅಡಿಕೆ, ಮುಂದಿನ ಎರಡು ಹಲ್ಲು ಇರಲಿಲ್ಲ. ಸೇರಿದ್ದ ಜನರನ್ನು ನೋಡಿ, "ಅಯ್ಯೋ ದೇವುಡಾ! ಹೋಗ್ಬಿಟ್ನಾ?" ಎಂದು ತೆಲುಗು ಬೆರೆಸಿ ಕೂಗುತ್ತ ಒಳಗೆ ಓಡಿದಳು. ಮಂಚದ ಮೇಲೆ ಸಂಗಮೇಶ ಕಣ್ಣು ಮಿಟುಕಿಸುವುದನ್ನು ಕಂಡು, ಅವನ ಹೊಲಿದ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಗೊಳೋ ಎಂದು ಅತ್ತಳು. "ಬದುಕಿದೀಯಾ ನಾಯನಾ, ಬದುಕಿದೀಯಾ!"

ಆಮೇಲೆ ಎಲ್ಲ ಹೊರಬಂತು. ಆ ಭಾನುವಾರ ಅವಳು ಬೆಟ್ಟದ ಬುಡದ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಬಾಲರಾಜ್ ಕೂಗಿದ್ದು ಕೇಳಿ ಹೋದಳು. ಗಾಡಿ ಬರುವ ಜಾಗ ಅದಲ್ಲ. ಹೊರಲು ಜನ ಕರೆತರುತ್ತೇನೆಂದು ಅವನು ಅವಳ ಹೆಸರನ್ನೂ ಕೇಳದೆ ಊರ ಕಡೆ ಓಡಿದ. ಇವಳು ರಕ್ತ ಸೋರುವ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಗಂಟೆ ಕೂತಳು.

"ತಲೆಗೆ ಏಟು ಬಿದ್ದೋರು ನಿದ್ದೆ ಹೋದ್ರೆ ಏಳಲ್ಲ ಅಂತಾರಲ್ಲಮ್ಮ. ಅದಕ್ಕೇ ನಾನು ಕೆನ್ನೆ ತಟ್ಟೋದು, ನನ್ನ ಹೆಸರು ಪ್ರೇಮಲತಾ, ಹೇಳು ಅನ್ನೋದು. ಹೇಳೋನು. ಮತ್ತೆ ಕಣ್ಣು ಮುಚ್ಚೋನು. ಮತ್ತೆ ತಟ್ಟೋದು, ನನ್ನ ಹೆಸರೇನಪ್ಪ? ಪ್ರೇಮಲತಾ ಅನ್ನೋನು. ನೂರು ಸಲ ಹೇಳ್ಸಿರ್ತೀನಿ."

ಮಹಾಂತೇಶ್ ಕಾರಿನ ಕೀಲಿಕೈಯನ್ನು ನೋಡುತ್ತ ನಿಂತ. ಮರುಳಪ್ಪನವರು, "ನಾನು ಮೊದಲೇ ಅಂದ್ಕೊಂಡೆ" ಎಂದರು. ಶೈಲಜಾ ಆ ಹೆಂಗಸಿನ ಕಾಲು ಮುಟ್ಟಿದಳು. ಗಂಡನ ಹತ್ತಿರ ಬಂದು ಬೆಳಿಗ್ಗೆಯಿಂದ ಸವರದ ಅವನ ಹಣೆ ಸವರಿದಳು. ನಲವತ್ತು ದಿನದಲ್ಲಿ ಮೊದಲ ಸಲ ಸಂಗಮೇಶನಿಗೆ, ಬದುಕಿ ಉಳಿದದ್ದು ಒಳ್ಳೆಯದೇ ಆಯಿತು ಅನ್ನಿಸಿತು.

ಪ್ರೇಮಲತಾಳಿಗೆ ಎಲೆ ಹಾಕಿ ಊಟಕ್ಕೆ ಕೂರಿಸಿದರು. ಬಡಿಸುತ್ತ ಶೈಲಜಾ ಕೇಳಿದಳು. "ಒಂದು ಗಂಟೆ ಬರೀ ಹೆಸರೇ ಹೇಳ್ತಿದ್ರಾ ಅಮ್ಮ? ಇನ್ನೇನೂ ಮಾತಾಡ್ಲಿಲ್ವಾ?"

"ಮಾತಾಡ್ದೆ ಏನಮ್ಮ? ನಾನೇ ಮಾತಾಡ್ಸಿದ್ದು. ಎಲ್ಲಾ ನಿನ್ನ ಮಾತೇ. ಶೈಲಜಾ, ಶೈಲಜಾ ಅಂತ ಒಂದೇ ಸಮ."

ಮುದ್ದಕ್ಕ ಕಣ್ಣೊರೆಸಿಕೊಂಡಳು. ಶೈಲಜಾಳ ಮುಖ ಕೆಂಪಾಯಿತು.

"ನಾನು ಸಾಯ್ತೀನಿ, ಸತ್ತ ಮೇಲೆ ನಮ್ಮನೆಯೋಳಿಗೆ ಹೇಳಮ್ಮ ಅಂದ" ಪ್ರೇಮಲತಾ ತುತ್ತು ಕಲಸುತ್ತ ಮುಂದುವರಿಸಿದಳು. "ಸತ್ನೋ ಬದುಕಿದ್ನೋ ನನಗೆ ಗೊತ್ತಾಗ್ಲಿಲ್ಲ, ಅದಕ್ಕೇ ಬರ್ಲಿಲ್ಲ. ಬದುಕಿದ ಮೇಲೆ ಅವನೇ ಹೇಳಿರ್ತಾನಲ್ಲ, ಆ ಡಾಕ್ಟ್ರ ಚೀಟಿ ವಿಷಯ."

ಸಂಗಮೇಶ ಮಂಚದಿಂದ ಏಳಲು ಹೋದ. ಕೋಣೆ ಒಂದು ಸುತ್ತು ತಿರುಗಿತು. ಮತ್ತೆ ಬಿದ್ದ.

"ಯಾವ ಚೀಟಿ?" ಎಂದಳು ಶೈಲಜಾ.

"ಅದೇ, ಮಕ್ಕಳಾಗದ್ದು. ಲೋಪ ನನ್ನಲ್ಲೇ ಐತೆ, ಅವಳಲ್ಲಿ ಏನೂ ಇಲ್ಲ, ಹೇಳೋಕೆ ಧೈರ್ಯ ಬರ್ಲಿಲ್ಲ, ಚೀಟಿ ಬೈಕಿನ ಪುಸ್ತಕದೊಳಗೆ ಬಚ್ಚಿಟ್ಟಿದೀನಿ ಅಂತ ಎಳೇ ಮಗು ಹಂಗೆ ಅತ್ನಮ್ಮ. ನನಗೂ ಅಳು ಬಂತು. ಸಾರು ಚೆನ್ನಾಗೈತೆ, ಇನ್ನೊಂದು ಸ್ವಲ್ಪ ಹಾಕು."

ಶೈಲಜಾ ಸಾರು ಹಾಕಿದಳು. ಸೌಟನ್ನು ಪಾತ್ರೆಯಲ್ಲಿಟ್ಟು ಒಳಗೆ ಹೋದಳು. ಬೀರು ತೆಗೆದ ಸದ್ದು, ಕಾಗದ ತಿರುವಿದ ಸದ್ದು. ಹೊರಗೆ ಬಂದಾಗ ಅವಳ ಕೈಯಲ್ಲಿ ನಾಲ್ಕಾಗಿ ಮಡಚಿದ ಒಂದು ಹಾಳೆಯಿತ್ತು. ಮರುಳಪ್ಪನವರು ಕನ್ನಡಕ ಏರಿಸಿ ಕೈ ಚಾಚಿದರು. ಅವಳು ಕೊಡಲಿಲ್ಲ.

"ನಾಲ್ಕು ವರ್ಷದ ಹಿಂದಿನ ತಾರೀಖು" ಎಂದಳು. "ಮಕ್ಕಳಾಗ್ಲಿ ಅಂತ ನನ್ನ ಹೊಟ್ಟೆ ಆಪರೇಷನ್ ಆಯ್ತಲ್ಲ, ಅದಕ್ಕೆ ಎಂಟು ದಿನ ಮುಂಚೆ. ನೀವೇ ಸಹಿ ಹಾಕಿದ್ರಿ ನನ್ನ ಆಪರೇಷನ್‌ಗೆ. ನೆನಪೈತೇನ್ರಿ?"

ಸಂಗಮೇಶನಿಗೆ ಚೆನ್ನಾಗಿ ನೆನಪಿತ್ತು. ಬಾಯಿ ತೆರೆದ. ಯಾವ ಪದವೂ ಬರಲಿಲ್ಲ, ತಪ್ಪು ಪದ ಕೂಡ.

"ಅಣ್ಣಾ, ಕಾರು ತೆಗಿ" ಎಂದಳು ಶೈಲಜಾ.

ಅವಳು ಚೀಲ ತುಂಬಿಕೊಂಡು ಬರುವಷ್ಟರಲ್ಲಿ ಅನ್ನಪೂರ್ಣಮ್ಮ ಸೀರೆ ಸರಿಮಾಡಿಕೊಂಡು, ಚಪ್ಪಲಿ ಮೆಟ್ಟಿ ಕಾರಿನ ಹತ್ತಿರ ನಿಂತಿದ್ದಳು.

"ನೀನೆಲ್ಲಿಗವ್ವ?" ಎಂದು ಸಂಗಮೇಶ ಮಂಚದಿಂದಲೇ ಕೂಗಿದ.

"ಬೀಗರ ಮನೆಗೆ" ಎಂದಳು ಅವಳು, ಮಗನ ಕಡೆ ತಿರುಗದೆ. "ನಾಲ್ಕು ವರ್ಷ ಅವರ ಹೊಸ್ತಿಲಲ್ಲಿ ನಿಂತು ಏನೇನೋ ಆಡಿದೀನಿ. ಎಲ್ಲಾ ವಾಪಸ್ ತಗಂಡು ಬರ್ಬೇಕು. ಎಷ್ಟು ದಿನ ಆಗ್ತೈತೋ ಗೊತ್ತಿಲ್ಲ."

ಶೈಲಜಾ ಒಂದು ಕ್ಷಣ ಅತ್ತೆಯನ್ನು ನೋಡಿ, ಒಳಕ್ಕೆ ಸರಿದು ಜಾಗ ಬಿಟ್ಟಳು.

ಕೈ ತೊಳೆದುಕೊಂಡು ಬಂದ ಪ್ರೇಮಲತಾ ಮುಂದಿನ ಸೀಟಿನಲ್ಲಿ ಕೂತಳು. ಅವಳಿಗೆ ಏನಾಯಿತೆಂದು ಪೂರ್ತಿ ಅರ್ಥವಾಗಿರಲಿಲ್ಲ. ಕಿಟಕಿಯಿಂದ ತಲೆ ಹೊರಹಾಕಿ, ಬಾಗಿಲವರೆಗೆ ಗೋಡೆ ಹಿಡಿದುಕೊಂಡು ಬಂದಿದ್ದ ಸಂಗಮೇಶನಿಗೆ ಅಕ್ಕರೆಯಿಂದ ಕೈ ಬೀಸಿದಳು.

"ತಲೆ ಜಾಗ್ರತ್ತ ನಾಯನಾ! ಯೋಚನೆ ಮಾಡ್ಬ್ಯಾಡ. ನೀನು ಅವತ್ತು ಇನ್ನೂ ಏನೇನೋ ಹೇಳಿದ್ದೆಯಲ್ಲ, ದಾರೀಲಿ ಒಂದೊಂದೇ ನೆನಪು ಮಾಡ್ಕೊಂಡು ಶೈಲಜಮ್ಮನಿಗೆ ಹೇಳ್ತೀನಿ!"

ಕಾರು ಮೊಳಕಾಲ್ಮುರಿನ ಕಡೆ ತಿರುಗಿತು. ಸಂಗಮೇಶ ಹೊಸ್ತಿಲ ಮೇಲೆ ಕುಸಿದು ಕೂತ. ಮೂವತ್ತಾರು ವರ್ಷದ ಬದುಕಿನಲ್ಲಿ ಹೇಳಬಾರದ್ದು ತಾನು ಏನೇನು ಮಾಡಿದ್ದೆ ಎಂದು ಒಂದೊಂದಾಗಿ ನೆನಪಿಸಿಕೊಳ್ಳತೊಡಗಿದ. ಎಲ್ಲವೂ ಚೆನ್ನಾಗಿಯೇ ನೆನಪಾಯಿತು.