ಕಾಕಾನ ಹಂಟರ್

ನಮ್ಮ ಕಾಕಾನ ಪ್ರಕಾರ ಈ ಲೋಕದಲ್ಲಿ ನೋಡಲು ಯೋಗ್ಯವಾದ ವಸ್ತು ಒಂದೇ: ಹಂಟರ್, ಬ್ರಿಟಿಷರು ಮಾಡಿದ ಹಳೇ ಜೆಟ್ ಫೈಟರ್. ಎರಡನೇ ಸ್ಥಾನ ಗ್ನ್ಯಾಟ್ ಎಂಬ ಪುಟಾಣಿ ವಿಮಾನಕ್ಕೆ. ಅದೂ ಬ್ರಿಟಿಷರದ್ದೇ. ಮೂರನೇ ಸ್ಥಾನ ನಮ್ಮ ಕಾಕುಗೆ. ಇದನ್ನು ಅವನು ಕಾಕು ಎದುರಿಗೇ ಹೇಳುತ್ತಾನೆ. ಧೈರ್ಯ ನೋಡಿ!

"ಕನ್ಯಾ ನೋಡಾಕ ಹೋದಾಗ ನಿಮ್ಮ ಕಾಕು ಥೇಟ್ ಹಂಟರ್ ಇದ್ದಂಗ ಇದ್ಲು."

"ಈಗ್ರಿ?" ಎಂದಳು ಕಾಕು, ಕೈಯಲ್ಲಿ ಲಟ್ಟಣಿಗೆ.

"ಈಗ ಡಕೋಟಾ."

ಡಕೋಟಾ ಅಂದರೆ ಸಾಮಾನು ಹೊರುವ ದಪ್ಪ ಹಳೇ ವಿಮಾನ. ಆವತ್ತು ಕಾಕಾ ಊಟಕ್ಕೆ ಡೈರಿ ಅಂಗಡಿಯ ಬ್ರೆಡ್ ತಿಂದ.

ಕಾಕಾ ನಮ್ಮ ವಾಯುಸೇನೆಯಲ್ಲಿ ಫಿಟರ್ ಆಗಿದ್ದ. ಹಾರಿಸುವವನಲ್ಲ, ಹಾರುವವರನ್ನು ಸೀಟಿಗೆ ಬಿಗಿದು ಕಳಿಸುವವನು. ನಿವೃತ್ತಿಯ ಮೇಲೆ ಮಗಳು ತಾನಿದ್ದ ಪರದೇಶದ ಊರು ಅಪ್ಪರ್ ಹಟ್‌ಗೆ ಕರೆಸಿಕೊಂಡಳು. ಆ ಮನೆಯ ಹಿಂದಿನ ಕೋಣೆಯಲ್ಲಿ ನಾನು. ಎಸ್ಸೆಸ್ಸೆಲ್ಸಿ ಎರಡು ಸಲ ಫೇಲು, ಗ್ಯಾರೇಜಿನಲ್ಲಿ ಕಾರುಗಳ ಡೆಂಟ್ ತೆಗೆಯುವ ಕೆಲಸ. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. ಕಾಕಾನ ತಲೆ ಕೆಟ್ಟಿತ್ತು, ಅಷ್ಟೇ.

ಉದಾಹರಣೆ ಬೇಕೇ? ನೆಲ ನೋಡದೆ ನಡೆಯುವುದೇ ಇಲ್ಲ. ರನ್‌ವೇ ಮೇಲೆ ಒಂದು ಮೊಳೆ ಬಿದ್ದಿದ್ದರೂ ಜೆಟ್ ಎಂಜಿನ್ ಅದನ್ನು ನುಂಗಿ ಹಾಳಾಗುತ್ತದಂತೆ. ಸರಿ, ಇಲ್ಲಿ ಯಾವ ಎಂಜಿನ್? ಸೂಪರ್ ಮಾರ್ಕೆಟ್ಟಿನ ಪಾರ್ಕಿಂಗಿನಲ್ಲಿ ಬೋಲ್ಟು, ನಟ್ಟು, ಪಿನ್ನು ಎಲ್ಲ ಹೆಕ್ಕಿ ಜೇಬಿಗೆ ತುಂಬುತ್ತಾನೆ. ಮನೆಯಲ್ಲಿ ಸತ್ಯನಾರಾಯಣ ಪೂಜೆಯಾದಾಗ ಮಂತ್ರ ಮುಗಿಯುವ ಮೊದಲೇ ಬಗ್ಗಿ ಅಕ್ಷತೆ ಕಾಳು ಹೆಕ್ಕತೊಡಗಿದ. ಭಟ್ಟರು ಕಣ್ಣು ತುಂಬಿಕೊಂಡು, "ಎಂಥಾ ಭಕ್ತಿರೀ ಇವರದು!" ಎಂದರು. ಭಕ್ತಿಯಂತೆ!

ಇನ್ನು ನನ್ನ ಯೂಟ್, ಹಿಂದೆ ಸಾಮಾನು ತುಂಬುವ ತೆರೆದ ಗಾಡಿ. ಅದು ನಿಂತ ಕೂಡಲೇ ಕಾಕಾ ಚಕ್ರಕ್ಕೆ ಇಟ್ಟಿಗೆ ಕೊಡುತ್ತಾನೆ. ವಿಮಾನ ನಿಲ್ಲಿಸಿದರೆ ಹಾಗೇ ಮಾಡಬೇಕಂತೆ. ಬೆಳಿಗ್ಗೆ ನಾನು ಗಡಿಬಿಡಿಯಲ್ಲಿ ಹತ್ತಿ ಆಕ್ಸಿಲರೇಟರ್ ಒತ್ತಿದರೆ ಗಾಡಿ ಕೂಗುತ್ತದೆ, ಸರಿಯುವುದಿಲ್ಲ. ಕಾಕಾ ಕಿಟಕಿಯಲ್ಲಿ ಚಹಾ ಕುಡಿಯುತ್ತಾ, "ಸುತ್ತಾ ಒಂದ್ ರೌಂಡ್ ನೋಡದ ಹತ್ತಿದಿಲ್ಲೋ ಮಂಗ್ಯಾ?" ಎನ್ನುತ್ತಾನೆ.

ಟಿವಿಯಲ್ಲಿ ಹೊಸ ಫೈಟರ್ ತೋರಿಸಿದರಂತೂ ಮುಗಿಯಿತು.

"ಕಾಕಾ, ಇದು ರೇಡಾರ್‌ಗೆ ಕಾಣೂದೇ ಇಲ್ಲಂತ!" ಎಂದೆ ಒಮ್ಮೆ.

"ಕಾಣಬಾರದು ಅಂತಿದ್ರ ಮನ್ಯಾಗ ಇರಬೇಕಿಲ್ಲೋ! ಯುದ್ಧಕ್ಕ ಯಾಕ ಬರಬೇಕು? ಮಾರಿ ನೋಡ ಅದರದು, ಹಾಳಿ ತುದಿ ಮಡಚಿದಂಗ ಐತಿ. ಹಂಟರ್ ಮ್ಯಾಲ ಹೋದ್ರ ಕೊಳಲು ಊದಿದಂಗ ಕೇಳತಿತ್ತು. ಇವು? ಮಿಕ್ಸರ್!"

ಅದರ ಮೇಲೆ ಈ ದೇಶ ಇದ್ದಬದ್ದ ಫೈಟರ್‌ಗಳನ್ನೆಲ್ಲ ನಿಲ್ಲಿಸಿ ಮನೆಗೆ ಕಳಿಸಿಬಿಟ್ಟಿದೆ. "ಮಗಳು ಎಂಥಾ ದೇಶಕ್ಕ ಕರಕೊಂಡು ಬಂದ್ಲು ನೋಡು" ಎಂದು ಕಾಕಾ ಗೊಣಗಿದರೆ ಕಾಕು, "ಶಾಂತಿ ಐತಲ್ಲ, ಸುಮ್ನ ಕುಂದರ್ರಿ" ಎನ್ನುತ್ತಾಳೆ.

ಒಂದು ಶನಿವಾರ ಸುಮ್ಮನೆ ಕೂರುವುದು ಆಗಲಿಲ್ಲ. ಗುಡ್ಡದಾಚೆ ವೈರಾರಪಾದ ಸಣ್ಣ ಏರೋಡ್ರೋಮಿನಲ್ಲಿ ಒಂದು ಹಂಟರ್ ಇದೆ, ಅದು ಪರದೇಶಕ್ಕೆ ಮಾರಾಟವಾಗಿದೆ, ಸೋಮವಾರ ರೆಕ್ಕೆ ಬಿಚ್ಚಿ ಕಂಟೇನರಿಗೆ ತುಂಬುತ್ತಾರೆ ಎಂದು ಪೇಪರಿನಲ್ಲಿ ಬಂತು. ಕಾಕಾ ಕೂತ, ಎದ್ದ, ಬೂಟು ಹಾಕಿದ, ಬಿಚ್ಚಿದ, ಮತ್ತೆ ಹಾಕಿದ. ಕೊನೆಗೆ ಕಾಕು ನನ್ನ ಬಾಗಿಲು ಬಡಿದಳು: "ಕರಕೊಂಡು ಹೋಗಪಾ. ಇಲ್ಲಾಂದ್ರ ಇವರು ನನ್ನ ತಲೀನ ಬಿಚ್ಚತಾರ."

ಗುಡ್ಡದ ರಸ್ತೆಯಲ್ಲಿ ಗಾಳಿ ಯೂಟನ್ನು ಅಲ್ಲಾಡಿಸುತ್ತಿತ್ತು. ಕಾಕಾ ಡ್ಯಾಶ್‌ಬೋರ್ಡ್ ಕುಟ್ಟುತ್ತಿದ್ದ.

"ಒತ್ತಲೇ! ಬಾಗಲಾ ಹಾಕಿಬಿಟ್ಟಾರು!"

"ಫೋಟೋದಾಗ ದಿನಾ ನೋಡತಿಯಲ್ಲೋ ಕಾಕಾ. ಅಲ್ಲಿ ಹೋಗಿ ಏನ್ ಮಾಡಾಂವ?"

"ಬೆಲ್ಟ್ ಬಿಚ್ಚಬೇಕು."

"ಯಾರದು?"

ಕುಟ್ಟುವುದನ್ನು ನಿಲ್ಲಿಸಿದ. ಆಮೇಲೆ ರಸ್ತೆಗೆ ಹೇಳುವವನಂತೆ ಹೇಳಿದ: "ಪೈಲಟ್ಟಗ ಬೆಲ್ಟ್ ಕಟ್ಟಿದಾಂವನ, ಅಂವ ತಿರುಗಿ ಬಂದ ಮ್ಯಾಲ ಏಣಿ ಹತ್ತಿ ಬಿಚ್ಚಬೇಕು. ನಮ್ಮಾಗ ಹಂಗ. ಯುದ್ಧದಾಗ ಗದಗ ಕಡೆ ಹುಡುಗ ಒಬ್ಬ ಇದ್ದ, ಆಫೀಸರ್. ನನ್ನ ಜೋಡಿ ಕನ್ನಡ ಮಾತಾಡತಿದ್ದ. ಕಟ್ಟಿ ಕಳಿಸಿದೆ. ಸಂಜಿ ತನಕಾ ಏಣಿ ಹಿಡಕೊಂಡು ನಿಂತಿದ್ದೆ." ಮತ್ತೆ ಡ್ಯಾಶ್‌ಬೋರ್ಡ್ ಕುಟ್ಟಿದ. "ಮುಂದ ನೋಡಿ ಓಡಸು, ಮಂಗ್ಯಾ."

ನಾನು ಒತ್ತಿದೆ.

ನಾವು ಮುಟ್ಟಿದಾಗ ಬಿಳಿ ಗಡ್ಡದ ಮುದುಕನೊಬ್ಬ ಹ್ಯಾಂಗರಿನ ಬಾಗಿಲು ಎಳೆಯುತ್ತಿದ್ದ. ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಬೇಕಾದ್ದು ಹೇಳಿದೆ. ಅಷ್ಟರಲ್ಲಿ ಕಾಕಾ ಬೂಟು ಹೊರಗೆ ಬಿಟ್ಟು ಬರೀ ಸಾಕ್ಸಿನಲ್ಲಿ ಒಳಗೆ ಹೋಗಿಯಾಗಿತ್ತು! ಮುದುಕ ತನ್ನ ಬೂಟು ನೋಡಿಕೊಂಡ. ತಾನೂ ಬಿಡಬೇಕೋ ಏನೋ ಎಂಬ ಅನುಮಾನ.

"ಸೀಟನ್ನು ಹೊರಗೆ ಚಿಮ್ಮಿಸುವ ಸಿಡಿಮದ್ದು ತೆಗೆದಿದೆ, ಭಯವಿಲ್ಲ. ಕೂರು ಹತ್ತಿ" ಎಂದು ಅವನು ಇಂಗ್ಲಿಷಿನಲ್ಲಿ ಕಾಕಾನಿಗೆ ಏಣಿ ತೋರಿಸಿದ.

ಕಾಕಾ ಹಿಂದೆ ಸರಿದ. "ನಂದಲ್ಲ ಆ ಜಾಗಾ. ನೀ ಹತ್ತು" ಎಂದು ನನ್ನನ್ನು ದೂಡಿದ.

ಹತ್ತಿದೆ. ಒಳಗೆ ಮೊಣಕಾಲು ಮಡಚಲು ಜಾಗವಿಲ್ಲ. ಕಾಕಾ ಮೇಲೆ ಬಂದು ಎರಡೂ ಭುಜದ ಪಟ್ಟಿ ಎಳೆದ ನೋಡಿ, ಉಸಿರೇ ನಿಂತಿತು!

"ಕಾಕಾ, ಸಾಯ್ತೀನೋ!"

ಬೈಯಲಿಲ್ಲ. ಪಟ್ಟಿಯ ಕೆಳಗೆ ಸಿಕ್ಕಿದ್ದ ನನ್ನ ಕಾಲರನ್ನು ಮೆಲ್ಲಗೆ ಹೊರಗೆಳೆದು ಸರಿಮಾಡಿದ. "ಹೋಗಿ ಬರ್ರಿ, ಸರ" ಎಂದ.

ಇಳಿದು ಹೋಗಿ ಏಣಿ ಹಿಡಿದು ನಿಂತ. ಹ್ಯಾಂಗರಿನ ಬಾಗಿಲಾಚೆ ಒಂದಿಷ್ಟು ಆಕಾಶ ಕಾಣುತ್ತಿತ್ತು. ಅದನ್ನೇ ನೋಡುತ್ತಿದ್ದ. ನನಗೆ ಕಾಲು ಜೋಮು ಹಿಡಿಯಿತು, ಮೂಗು ತುರಿಸಿತು, ಒಂದು ಕಡೆ ಸುಮ್ಮನೆ ಕೂರುವ ಜಾತಿಯವನಲ್ಲ ನಾನು. ಆದರೂ ಕೂತೆ. ಮುದುಕನೂ ಬಾಗಿಲು ಎಳೆಯದೆ ನಿಂತ.

ಕೊನೆಗೆ ನಾನೇ ಹೇಳಿದೆ: "ಬಂದೆ, ಕಾಕಾ."

ಅವನು ತಿರುಗಿದ. ಒಂದೊಂದೇ ಮೆಟ್ಟಿಲು ಹತ್ತಿ ಬಂದು, ನನ್ನ ಮುಖ ನೋಡದೆ, ಎದೆಯ ಮೇಲಿನ ಬೆಲ್ಟು ಬಿಚ್ಚಿದ.

"ಭಾಳ ತಡಾ ಮಾಡಿದ್ರಿ, ಸರ."