ದೋಸೆ ಭಟ್ಟರ ರಜೆ

ಮಲಾಡ್ ಸ್ಟೇಷನ್ ಪಕ್ಕದ ಉಡುಪಿ ಹೋಟೆಲಿನ ಗಲ್ಲಾದಲ್ಲಿ ದುಡ್ಡು ಎಣಿಸುತ್ತ ಕೂತ ನನಗೆ ನಗಲು ಬೇರೆಲ್ಲೂ ಹೋಗಬೇಕಾಗಿಲ್ಲ. ನಮ್ಮ ಧಣಿ ಒಳ್ಳೆಯವರು. ನಮಗೆ ಜ್ವರ ಬಂದರೆ ತಾವೇ ಗಂಜಿ ಕಳಿಸುತ್ತಾರೆ. ರಜೆ ಕೇಳಿದರೆ ಮಾತ್ರ ಅವರಿಗೇ ಜ್ವರ ಬರುತ್ತದೆ.

ಮದುವೆ

"ನಾವೆಲ್ಲ ಒಂದೇ ಮನೆಯವರು. ಮನೆಯವರಿಗೆ ಎಂಥ ರಜೆ ಮಾರಾಯ್ರೆ?" ಎನ್ನುವುದು ಧಣಿಯ ವಾದ. ಮಗಳ ಮದುವೆಗೆ ಹೋಟೆಲ್ ಮುಚ್ಚಿ ನಮ್ಮೆಲ್ಲರನ್ನೂ ಕರೆದರು. ಹೊಸ ಬಟ್ಟೆಯನ್ನೂ ಕೊಟ್ಟರು. ಖುಷಿಯಿಂದ ಕಟ್ಟು ಬಿಚ್ಚಿ ನೋಡಿದರೆ ಎಲ್ಲರಿಗೂ ಒಂದೇ ಬಣ್ಣ, ಜೇಬಿನ ಮೇಲೆ ಹೋಟೆಲಿನ ಹೆಸರು. ಕರೆದದ್ದು ಬಡಿಸಲಿಕ್ಕೆ ಎಂದು ಆಗ ತಿಳಿಯಿತು.

ಕ್ಯಾಮೆರಾ

ಧಣಿ ಮನೆಯಲ್ಲಿ ಕೂತೇ ಮೊಬೈಲಿನಲ್ಲಿ ಹೋಟೆಲ್ ನೋಡುತ್ತಾರೆ. ಗಿರಾಕಿಯಿಲ್ಲದ ಹೊತ್ತಿನಲ್ಲಿ ಯಾರಾದರೂ ಕೂತರೆ ಸಾಕು, ಫೋನ್ ಬಂತೆಂದೇ ಲೆಕ್ಕ. ಒಮ್ಮೆ ಕಲಬುರಗಿ ಕಡೆಯ ನಮ್ಮ ವೇಟರ್ ಚಾಚಾ ಸಿಕ್ಕಿಬಿದ್ದರು.

"ಕುಂತಿಲ್ರೀ ಸೇಠ್‌ಜೀ, ಕುರ್ಚಿ ಅಲ್ಲಾಡ್ತದೇನಂತ ಚೆಕ್ ಮಾಡ್ಲಿಕತ್ತೀನ್ರೀ" ಎಂದರು ತಣ್ಣಗೆ.

ಧಣಿಗೆ ಮೆಚ್ಚುಗೆಯಾಯಿತು. "ಎಲ್ಲ ಕುರ್ಚಿ ನೋಡಿಬಿಡಿ" ಎಂದರು. ಚಾಚಾ ಸಂಜೆಯವರೆಗೆ ಒಂದನ್ನೂ ಬಿಡದೆ ಪರೀಕ್ಷಿಸಿದರು.

ಗೇಟ್‌ವೇ

ದೋಸೆ ಭಟ್ಟರ ಹೆಂಡತಿ ಮೊದಲ ಸಲ ಊರಿನಿಂದ ಬಂದರು. ಸಮುದ್ರದಂಡೆಯ ಗೇಟ್‌ವೇ ತೋರಿಸುತ್ತೇನೆಂದು ಭಟ್ಟರು ಮದುವೆಯಾದ ಹೊಸದರಲ್ಲೇ ಮಾತು ಕೊಟ್ಟಿದ್ದರು. ಕಾಡಿ ಬೇಡಿ ಒಂದು ದಿನ ರಜೆ ಸಿಕ್ಕಿತು. ತವಾದ ಮುಂದೆ ಧಣಿಯೇ ನಿಂತರು.

ಮಧ್ಯಾಹ್ನವೇ ಗಂಡ ಹೆಂಡತಿ ಹಸಿದು ವಾಪಸ್. ಹೋಟೆಲಿನ ಅಟ್ಟದಲ್ಲಿ ಮಲಗಿ, ಕೆಳಗಿಳಿದು ದೋಸೆ ಹೊಯ್ಯುವುದಷ್ಟೇ ಗೊತ್ತಿದ್ದ ಭಟ್ಟರು ಚರ್ಚ್‌ಗೇಟಿನ ಬದಲು ಎದುರು ದಿಕ್ಕಿನ ವಿರಾರ್ ಲೋಕಲ್ ಹತ್ತಿದ್ದರು. ನನಗೆ ನಗು ಬಂತು, ಪಾಪವೂ ಅನಿಸಿತು.

ಹೆಂಡತಿಯನ್ನು ಟೇಬಲಿಗೆ ಕೂರಿಸಿದ ಭಟ್ಟರು ಧಣಿಯ ಹರಕು ದೋಸೆ ನೋಡಿದರು. ತಡೆಯಲಾಗಲಿಲ್ಲ. ಪಂಚೆ ಎತ್ತಿಕಟ್ಟಿ ತಾವೇ ತವಾದ ಮುಂದೆ ನಿಂತುಬಿಟ್ಟರು.

ಧಣಿ ಗಿರಾಕಿಗಳತ್ತ ತಿರುಗಿ, "ನೋಡಿ, ರಜೆಯಲ್ಲೂ ಕೆಲಸ! ನಿಷ್ಠೆ ಅಂದ್ರೆ ಇದು" ಎಂದು ಬೀಗಿದರು.

"ಹೌದಾ?" ಎಂದರು ಭಟ್ಟರ ಹೆಂಡತಿ, ದೋಸೆ ಮುರಿಯುತ್ತಾ. "ಹಾಗಾದ್ರೆ ಇವತ್ತು ಇವರು ಕೆಲಸಕ್ಕೆ ಬಂದ ಹಾಗಾಯ್ತಲ್ಲ ಧಣಿ. ರಜೆ ನಾಳೆ ಕೊಡಿ."

ಗಿರಾಕಿಗಳು ಚಪ್ಪಾಳೆ ತಟ್ಟಿದರು. ಧಣಿ ತಲೆಯಾಡಿಸಲೇಬೇಕಾಯಿತು.

"ಮತ್ತೆ ಇವರಿಗೆ ದಾರಿ ಗೊತ್ತಿಲ್ಲ. ನಿಮ್ಮ ಕಾರು ಉಂಟಲ್ಲ, ನೀವೇ ಕರ್ಕೊಂಡು ಹೋಗಿ" ಎಂದರು ಆಕೆ.

ಮರುದಿನ ಧಣಿ ಕಾರು ಓಡಿಸಿದರು. ಗೇಟ್‌ವೇ ಮುಂದೆ ಅವರಿಬ್ಬರ ಫೋಟೋವನ್ನೂ ತೆಗೆದರಂತೆ.

ಇತ್ತ ಬಂದ ಗಿರಾಕಿಯೊಬ್ಬರು, "ಉಡುಪಿ ಹೋಟೆಲಿನಲ್ಲಿ ದೋಸೆ ಇಲ್ವಾ?" ಎಂದು ರೇಗಿದರು.

"ಭಟ್ಟರು ರಜೆ ಸಾರ್" ಎಂದೆ. "ಬದಲಿ ಭಟ್ಟರು ಡ್ರೈವಿಂಗಿಗೆ ಹೋಗಿದ್ದಾರೆ."