ಟಗರು, ಗೂಟ ಮತ್ತು ನನ್ನ ಪಿಎಚ್‌ಡಿ

ಅವ್ವ: ಗೂಟ ಯಾಕ್ಲಾ ಕಿತ್ತೆ?

ನಾನು: ಕೀಳ್ಲಿಲ್ಲ ಕಣವ್ವ. ತೋರುಸ್ತಿದ್ದೆ.

ಅವ್ವ: ಏನ ತೋರುಸ್ತಿದ್ದೆ? ಟಗರು ಎಂಗೆ ಓಡೋಯ್ತದೆ ಅಂತ್ಲಾ?

ಬೀಗರು: ಬಯ್ಬ್ಯಾಡಿ ಹೊಂಬಾಳಮ್ನೋರೆ. ಕೇಳಿದ್ದು ನಾನೇಯ.

ಹಲಗೂರಿನ ನಮ್ಮ ಹಿತ್ತಿಲಲ್ಲಿ ನಾವು ಮೂವರೂ ಒಂದು ತೂತಿನ ಸುತ್ತ ನಿಂತಿದ್ದೆವು. ಸ್ವಲ್ಪ ಹೊತ್ತಿನ ಹಿಂದೆ ಆ ತೂತಿನಲ್ಲಿ ಗೂಟವಿತ್ತು, ಗೂಟಕ್ಕೆ ಹಗ್ಗವಿತ್ತು, ಹಗ್ಗದ ತುದಿಯಲ್ಲಿ ಬಂಡೂರಿನ ಟಗರಿತ್ತು. ನಾಳೆ ತಂಗಿ ಕವಿತಳ ಬೀಗರೂಟ. ಆ ಟಗರಿಲ್ಲದಿದ್ದರೆ ಬೀಗರಿಗೆ ಬಡಿಸುವುದು ಹುರುಳಿ ಸಾರು, ಜೊತೆಗೆ ನಮ್ಮ ಮಾನ.

ತಪ್ಪು ನನ್ನದೇ. ಆದರೆ ಅದಕ್ಕೊಂದು ಕಾರಣವಿತ್ತು. ಕವಿತಳ ಮಾವ ನಾಗರಾಜು ಶಿವಪುರದವರು. ನಾಳೆ ಎಷ್ಟು ಜನ ಬರುತ್ತಾರೆಂದು ಹೇಳಿಹೋಗಲು ಬಂದವರು ಕಾಫಿ ಕುಡಿಯುತ್ತಾ, "ನೀವು ಓದ್ತಿರೋದಾದ್ರೂ ಏನು?" ಎಂದು ಕೇಳಿಬಿಟ್ಟರು. ಏಳು ವರ್ಷದಿಂದ ಮೈಸೂರಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಎಲ್ಲರೂ ಕೇಳುವುದು "ಇನ್ನೂ ಮುಗೀಲಿಲ್ವಾ?" ಎಂದು. ನಾನು ಹುಡುಕುತ್ತಿರುವುದು ಶಿಲೀಂಧ್ರವನ್ನು, ಅಂದರೆ ಬೂಸ್ಟನ್ನು, ಕೊಲ್ಲುವ ಔಷಧಿ. ಮದುವೆ ಛತ್ರದಲ್ಲಿ ಅವ್ವ ನನ್ನನ್ನು ಪರಿಚಯಿಸಿದ್ದು, "ಬೂಸ್ಟು ನೋಡ್ಕಳೋ ಕೆಲ್ಸ ಇವ್ನುದು" ಎಂದು. ಹೊಸ ನೆಂಟರಾದರೂ ನನ್ನ ವಿಷಯ ಸರಿಯಾಗಿ ತಿಳಿದು ಊರಲ್ಲಿ ನಾಲ್ಕು ಜನಕ್ಕೆ ಹೇಳಲಿ ಎಂಬ ಆಸೆಗೆ ಬಿದ್ದೆ. ಆಸೆಗೆ ಬಿದ್ದವನ ಕೈ ಗೂಟಕ್ಕೆ ಹೋಯಿತು.

ಬೀಗರು: ತುಂಬ ಚೆನ್ನಾಗೇ ಯೋಳ್ತಿದ್ರು ಕಣಮ್ಮ. ಈ ನೆಲ ಅಂದ್ರೆ ಬೂಸ್ಟಿನ ಮೈಮ್ಯಾಲಿನ ಪೊರೆಯಂತೆ. ಟಗರು ಅಂದ್ರೆ ಪ್ರೋಟೀನಂತೆ.

ಅವ್ವ: ಟಗರಲ್ಲಿ ಪ್ರೋಟೀನ್ ಅದೆ ಅಂತ ಡಾಕ್ಟ್ರೂ ಯೋಳವ್ರೆ. ಅದ್ಕೆ ಗೂಟ ಯಾಕ್ ಕೀಳ್ಬೇಕು?

ನಾನು: ಅದಲ್ಲವ್ವ. ಪ್ರೋಟೀನು ಪೊರೆ ಬುಟ್ಟು ತೇಲೋಗ್ಬಾರ್ದು ಅಂತ ಜೀವಕೋಶ ಒಂದು ಗೂಟ, ಒಂದು ಅಗ್ಗ ಮಾಡ್ಕತದೆ. ಗೂಟ ಕೊಬ್ಬಿಂದು, ಅಗ್ಗ ಸಕ್ಕರೇದು.

ಅವ್ವ: ಸಕ್ಕರೆ ಅಗ್ಗ! ಟಗರು ನೆಕ್ಕೊಂಡು ಓಗಾಕಿಲ್ವೇನ್ಲಾ?

ನಾನು: ಆ ಅಗ್ಗಾನ ಒಬ್ಬರಾದ್ಮೇಲೆ ಒಬ್ಬರು ಒಸೀತಾರೆ. ಅವ್ರಿಗೆ ಕಿಣ್ವ ಅಂತಾರೆ. ಒಬ್ಬ ಒಂದೆಳೆ ಸೇರುಸ್ತಾನೆ, ಇನ್ನೊಬ್ಬ ಇನ್ನೊಂದೆಳೆ. ನಾನು ಹುಡುಕ್ತಿರೋ ರಾಸಾಯನಿಕ ಓಗಿ ಅವ್ರಲ್ಲಿ ಒಬ್ಬನ ಕೈ ಹಿಡ್ಕತದೆ. ಅಗ್ಗ ಅರ್ಧಕ್ಕೇ ನಿಂತೋಯ್ತದೆ, ಬೂಸ್ಟು ಸಾಯ್ತದೆ.

ಅವ್ವ: ಅಂದ್ರೆ ನಿನ್ ಔಸ್ದಿ ಗೂಟ ಕೀಳಾಕಿಲ್ಲ?

ನಾನು: ಇಲ್ಲ. ಮಾಡೋರ ಕೈ ಹಿಡೀತದೆ, ಅಷ್ಟೇ.

ಅವ್ವ: ಮತ್ತೆ ನೀನ್ಯಾಕ್ ಕಿತ್ತೆ?

ಏಳು ವರ್ಷದಲ್ಲಿ ನನ್ನ ಗೈಡೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಪಾಪ, ಅವರ ಟಗರನ್ನು ನಾನು ಓಡಿಸಿರಲಿಲ್ಲ.

ಬೀಗರು: ನಾನೇ ಅಂದೆ ಕಣಮ್ಮ, "ಗೂಟ ಇಲ್ದೆ ಓದ್ರೆ ಏನಾಯ್ತದೆ" ಅಂತ. ಉತ್ಸಾಹದಲ್ಲಿ ಕಿತ್ತು ತೋರ್ಸುದ್ರು.

ಅವ್ವ: ನೀವು ಕೇಳ್ತೀರಿ, ನಿಮ್ಗೇನು. ನಾಳೆ ಎಲೆ ಮುಂದೆ ಕುಂತ್ಕಂಡು "ಮಾಂಸ ಎಲ್ಲಿ" ಅಂತಾನೂ ಕೇಳೋರು ನೀವೇಯ!

ಬೀಗರು: ಚೆ ಚೆ, ನಾನು ಕೇಳಾಕಿಲ್ಲ. ನಮ್ಮಣ್ಣ ಕೇಳ್ತಾನೆ.

ಅಷ್ಟರಲ್ಲಿ ಬೇಲಿಯಾಚೆಯಿಂದ ಪಕ್ಕದ ಮನೆ ದೇವಿರಮ್ಮನ ಕೂಗು ಕೇಳಿಸಿತು. "ಯಾರ್ದಮ್ಮೋ ಈ ಟಗರು? ನಮ್ ರೇಸ್ಮೆ ಹುಳದ ಸೊಪ್ಪೆಲ್ಲ ಮೇಯ್ತಾ ಅದೆ!" ಮೂವರೂ ಅವಳ ಹಿಪ್ಪುನೇರಳೆ ತೋಟಕ್ಕೆ ಓಡಿದೆವು. ಟಗರು ನೆಮ್ಮದಿಯಾಗಿ ಸೊಪ್ಪು ತಿನ್ನುತ್ತಿತ್ತು. ಕೊರಳಲ್ಲಿ ಹಗ್ಗ ಹಾಗೇ ಇತ್ತು, ಹಗ್ಗದ ತುದಿಯಲ್ಲಿ ಗೂಟವೂ ಇತ್ತು. ಎಳೆದುಕೊಂಡು ಬಂದ ಗೂಟ ಎರಡು ಗಿಡಗಳ ಬುಡದ ಸಂದಿಯಲ್ಲಿ ಅಡ್ಡ ಸಿಕ್ಕಿಕೊಂಡಿತ್ತು. ನಾನು ಕಟ್ಟಿದ್ದರೂ ಅಷ್ಟು ಬಿಗಿಯಾಗುತ್ತಿರಲಿಲ್ಲ. ನನಗೋ ಹೋದ ಜೀವ ಬಂದಂತಾಯಿತು, ಜೀವದ ಜೊತೆಗೇ ನನ್ನ ಪಾಠವೂ ವಾಪಸು ಬಂತು.

ನಾನು: ನೋಡಿ ಬೀಗ್ರೆ! ಜೀವಕೋಶದಲ್ಲೂ ಒಂದೊಂದ್ಸಲ ಇಂಗೇ ಆಯ್ತದೆ. ಪ್ರೋಟೀನು ಗೂಟ ಸಮೇತ ಬುಡುಸ್ಕಂಡು ಓಗಿ ಪಕ್ಕದ ಕೋಶದ ಪೊರೇಲಿ ನೆಟ್ಕಂಬುಡ್ತದೆ!

ಬೀಗರು: ಓಹೋ! ಪಕ್ಕದೋರ ಸೊಪ್ಪೂ ತಿಂತದಾ?

ಅವ್ವ: ಬಾಯ್ ಮುಚ್ಕಂಡು ಟಗರು ಹಿಡ್ಕಳ್ಳಾ. ದೇವಿರಮ್ಮ, ನೀನೂ ನಾಳೆ ಊಟಕ್ಕೆ ಬಾ ಕಣಮ್ಮ. ನಿನ್ ಸೊಪ್ಪು ನಿನ್ ಹೊಟ್ಟೇಗೇ ಬತ್ತದೆ.

ಟಗರು ಮನೆಗೆ ಬಂತು. ನಾನು ಕಲ್ಲು ತಂದು, ಮೊದಲಿಗಿಂತ ಆಳವಾಗಿ ಗೂಟ ಹೊಡೆಯಲು ಕೂತೆ. ಅವ್ವ ಗೂಟ ಕಿತ್ತುಕೊಂಡು ಅಟ್ಟದ ಮೇಲೆಸೆದಳು.

ಅವ್ವ: ಗೂಟ ಬ್ಯಾಡ. ಇನ್ಯಾರಾದ್ರೂ ಏನಾದ್ರೂ ಕೇಳುದ್ರೆ ಇನ್ನೊಂದ್ಸಲ ಕಿತ್ತು ತೋರುಸ್ತೀಯ. ಅಗ್ಗ ಕೈಗೆ ಸುತ್ಕಂಡು ನೀನೇ ಕುಂತ್ಕ.

ನಾನು: ಎಷ್ಟೊತ್ತವ್ವ?

ಅವ್ವ: ನಿಮ್ಮಪ್ಪ ಮಳವಳ್ಳಿಯಿಂದ ಪಾತ್ರೆ ತಕ್ಕಂಡು ಬರೋಗಂಟ. ಏಳೊರ್ಸ ಕುಂತಿದೀಯ, ಇದೇನ್ ಮಹಾ?

ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡು ಹಿತ್ತಿಲ ಕಲ್ಲಿನ ಮೇಲೆ ಕೂತೆ. ಟಗರು ನನ್ನನ್ನೇ ನೋಡಿತು. ಅದರ ಕಣ್ಣಲ್ಲೂ ಗೌರವವೇನೂ ಇರಲಿಲ್ಲ. ಆದರೂ ನನಗೊಂದು ಸಮಾಧಾನವಿತ್ತು. ಬೀಗರು ಕೊನೆಯವರೆಗೂ ಕೇಳಿದ್ದರು, ತಲೆದೂಗಿದ್ದರು. ಒಬ್ಬರಿಗಾದರೂ ಅರ್ಥವಾಯಿತಲ್ಲ ಎಂದು ಎದೆ ತುಂಬಿ ಬಂತು.

ಬಸ್ಸಿಗೆ ಹೊರಟ ಬೀಗರು ಜಗಲಿಯಲ್ಲಿ ನಿಂತು ಮನೆಗೆ ಫೋನು ಮಾಡುತ್ತಿದ್ದರು. ನಾನು ಕಿವಿ ನೆಟ್ಟಗೆ ಮಾಡಿದೆ. ಟಗರೂ ಮಾಡಿತು.

ಬೀಗರು (ಫೋನಿನಲ್ಲಿ): ಊಂ ಕಣೆ, ಪುಟ್ಟರಾಜು, ಹುಡ್ಗಿ ಅಣ್ಣ. ಇವತ್ತು ಎಲ್ಲಾ ಬುಡ್ಸಿ ಯೋಳುದ್ರು, ಸರ್‍ಯಾಗಿ ಅರ್ಥ ಆಯ್ತು. ಕುರಿ ಎಂಗೆ ಕಟ್ಟಾಕ್ಬೇಕು ಅಂತ ಏಳೊರ್ಸದಿಂದ ಮೈಸೂರಲ್ಲಿ ಓದ್ತಾವ್ರೆ... ಊಂ, ಕಟ್ಟಾಕಿದ್ದೂ ನೋಡ್ದೆ... ಇಲ್ಲ ಕಣೆ, ಇನ್ನೂ ಪಾಸಾಗಿಲ್ಲ.